ಲ್ಯಾಂಬೆತ್‌ಗೆ ಬಂದವರು



ಲಂಡನ್ ನಗರದ ನಡುವೆ ಥೇಮ್ಸ್ ನದಿ ಹರಿಯುತ್ತದೆ. ಒಂದು ದಡದಲ್ಲಿ ಬ್ರಿಟನ್ನಿನ ಸಂಸತ್ ಭವನ. ಎದುರು ದಡದಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಉದ್ದನೆಯ ದಂಡೆ. ಆ ದಂಡೆಯ ಉದ್ಯಾನದಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಪ್ರತಿಮೆ ಅಲ್ಲಿ ನಿಲ್ಲಬೇಕೆಂದು ಹಿಡಿದ ಪಟ್ಟು ಬಿಡದೆ ಓಡಾಡಿದವರು ಡಾ. ನೀರಜ್ ಪಾಟೀಲ್. ಅವರು ಕಲಬುರಗಿಯವರು. ವೃತ್ತಿಯಿಂದ ವೈದ್ಯರು. 2010-11ರಲ್ಲಿ ಆ ಪ್ರದೇಶದ ಮೇಯರ್ ಆಗಿದ್ದವರು.

ಆ ಪ್ರದೇಶದ ಹೆಸರು ಲ್ಯಾಂಬೆತ್. ಲಂಡನ್ನಿನ 32 ಆಡಳಿತ ವಿಭಾಗಗಳಲ್ಲಿ ಒಂದು. ಜನಸಂಖ್ಯೆ ಮೂರು ಲಕ್ಷಕ್ಕೆ ತುಸು ಹೆಚ್ಚು. ಬಸವಣ್ಣನವರ ಪ್ರತಿಮೆಯ ಬಳಿಯಿಂದ ನದಿಯ ಗುಂಟ ಹತ್ತು ಹದಿನೈದು ನಿಮಿಷ ಉತ್ತರಕ್ಕೆ ನಡೆದರೆ ಸೇಂಟ್ ಥಾಮಸ್ ಆಸ್ಪತ್ರೆ ಸಿಗುತ್ತದೆ. ದಕ್ಷಿಣಕ್ಕೆ ಸುಮಾರು ಒಂದು ಮೈಲಿ ಹೋದರೆ ಓವಲ್ ಕ್ರಿಕೆಟ್ ಮೈದಾನ. ಅಲ್ಲಿಂದ ಇನ್ನೂ ಒಂದೂವರೆ ಮೈಲಿಯಷ್ಟು ಸಾಗಿದರೆ ಬ್ರಿಕ್ಸ್ಟನ್ ಪೇಟೆ. ಒಂದು ಆಸ್ಪತ್ರೆ, ಒಂದು ಮೈದಾನ, ಒಂದು ಪೇಟೆ. ಹೊರಗಿನಿಂದ ಬಂದವರು ಒಂದು ದೇಶದ ಆರೋಗ್ಯ, ಆಟ ಮತ್ತು ಬದುಕಿನ ರೀತಿಯನ್ನು ಹೇಗೆ ಬದಲಿಸುತ್ತಾರೆ ಎಂಬುದಕ್ಕೆ ಇಷ್ಟು ಹತ್ತಿರ ಹತ್ತಿರ ಸಾಕ್ಷಿ ಸಿಗುವ ಜಾಗ ಬ್ರಿಟನ್ನಿನಲ್ಲಿ ಬಹುಶಃ ಇನ್ನೊಂದಿಲ್ಲ.

ಕತೆ ಶುರುವಾಗುವುದು 1948ರಲ್ಲಿ.

ಆ ವರ್ಷ ಜೂನ್ ತಿಂಗಳಲ್ಲಿ ಎಂಪೈರ್ ವಿಂಡ್‌ರಶ್ ಎಂಬ ಹಡಗು ಲಂಡನ್ ಸಮೀಪದ ಟಿಲ್ಬರಿ ಬಂದರಿಗೆ ಬಂತು. ಹಡಗಿನಲ್ಲಿ ಸುಮಾರು ಸಾವಿರ ಪ್ರಯಾಣಿಕರು. ಬಹುಪಾಲು ಜನ ಜಮೈಕಾ, ಟ್ರಿನಿಡಾಡ್ ಮೊದಲಾದ ಕೆರಿಬಿಯನ್ ದ್ವೀಪಗಳವರು. ಕಾನೂನಿನ ಪ್ರಕಾರ ಅವರು ಬ್ರಿಟಿಷ್ ಪ್ರಜೆಗಳೇ. ಯುದ್ಧಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ದುಡಿದವರೂ ಅವರಲ್ಲಿದ್ದರು. ಯುದ್ಧ ಮುಗಿದಿತ್ತು. ನಗರಗಳು ಬಾಂಬಿಗೆ ಸಿಕ್ಕು ಹಾಳಾಗಿದ್ದವು. ಬಸ್ಸು ಓಡಿಸಲು, ಕಾರ್ಖಾನೆ ನಡೆಸಲು, ರೋಗಿಗಳನ್ನು ನೋಡಿಕೊಳ್ಳಲು ಕೈಗಳು ಬೇಕಾಗಿದ್ದವು.

ಬಂದವರಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ತಂಗಲು ಜಾಗವಿರಲಿಲ್ಲ. ಅವರನ್ನು ಕ್ಲ್ಯಾಪಂ ಬಯಲಿನ ಅಡಿಯಲ್ಲಿದ್ದ ಹಳೆಯ ನೆಲಮಾಳಿಗೆಗೆ ಕಳಿಸಿದರು. ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳಲು ತೋಡಿದ್ದ ಸುರಂಗ ಅದು. ನೆಲದಿಂದ ನೂರು ಅಡಿಗೂ ಹೆಚ್ಚು ಆಳ. ಕಿಟಕಿಯಿಲ್ಲ, ಬೆಳಕಿಲ್ಲ. ಸಾಲಾಗಿ ಹಾಕಿದ ಮಂಚಗಳು. ತಲೆಯ ಮೇಲೆ ರೈಲಿನ ಸದ್ದು. ಅಲ್ಲಿಗೆ ಹತ್ತಿರವಿದ್ದ ಉದ್ಯೋಗ ವಿನಿಮಯ ಕೇಂದ್ರ ಬ್ರಿಕ್ಸ್ಟನ್ನಿನದು. ಕೆಲಸ ಹುಡುಕಿಕೊಂಡು ಅಲ್ಲಿಗೆ ನಡೆದು ಹೋದವರು ಅಲ್ಲೇ ಸುತ್ತಮುತ್ತ ಬಾಡಿಗೆ ಕೋಣೆ ಹಿಡಿದರು. ಬ್ರಿಕ್ಸ್ಟನ್ ಎಂಬ ಪೇಟೆಯ ಚರಿತ್ರೆ ಹೀಗೆ ಹೊರಳಿತು. ಅದಕ್ಕೆ ಯಾರೂ ಯೋಜನೆ ಹಾಕಿರಲಿಲ್ಲ.

ಹಡಗು ಬಂದ ಎರಡು ವಾರಕ್ಕೆ, 1948ರ ಜುಲೈ 5ರಂದು, ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಬಡವರಿರಲಿ, ಬಲ್ಲಿದರಿರಲಿ, ಯಾರೇ ಕಾಯಿಲೆ ಬಿದ್ದರೂ ಹಣ ಕೇಳದೆ ಚಿಕಿತ್ಸೆ ಕೊಡಬೇಕು ಎಂಬ ಯೋಜನೆ ಅದು. ಎನ್.ಎಚ್.ಎಸ್. ಎಂಬ ಮೂರು ಅಕ್ಷರಗಳು ಇಂದು ಬ್ರಿಟನ್ನಿನ ಜನರಿಗೆ ತಮ್ಮ ದೇಶದ ಬಗ್ಗೆ ಇರುವ ಹೆಮ್ಮೆಯ ಹೆಸರು. ಆ ಸೇವೆಯೂ ಆ ಹಡಗೂ ಒಂದೇ ಬೇಸಿಗೆಯವು. ಮುಂದಿನ ಮುಕ್ಕಾಲು ಶತಮಾನ ಎರಡರ ಚರಿತ್ರೆಯೂ ಒಟ್ಟಿಗೇ ನಡೆದಿದೆ.

ಈಗ ಸೇಂಟ್ ಥಾಮಸ್ ಆಸ್ಪತ್ರೆಗೆ ಹೋಗೋಣ.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ನರ್ಸುಗಳ ಶಾಲೆ ತೆರೆದದ್ದು ಈ ಆಸ್ಪತ್ರೆಯಲ್ಲಿ. ಆಕೆಯ ಹೆಸರನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಆದರೆ ಆಸ್ಪತ್ರೆಯ ಅಂಗಳದಲ್ಲಿ ಇಂದು ನದಿಗೆ ಮುಖ ಮಾಡಿ ನಿಂತಿರುವ ಕಂಚಿನ ಪ್ರತಿಮೆ ಇನ್ನೊಬ್ಬಾಕೆಯದು. ಆಕೆ ಮೇರಿ ಸೀಕೋಲ್. 1805ರಲ್ಲಿ ಜಮೈಕಾದಲ್ಲಿ ಹುಟ್ಟಿದವರು. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಸೇವೆಗೆ ಬರುತ್ತೇನೆ ಎಂದು ಲಂಡನ್ನಿಗೆ ಬಂದು ಕೇಳಿಕೊಂಡರು. ಅವರನ್ನು ತೆಗೆದುಕೊಳ್ಳಲಿಲ್ಲ. ಆಕೆ ಸ್ವಂತ ಖರ್ಚಿನಲ್ಲಿ ಯುದ್ಧಭೂಮಿಗೆ ಹೋದರು. ಸೈನಿಕರಿಗೆ ಊಟ, ಔಷಧ, ಆರೈಕೆ ಕೊಟ್ಟರು. ಆಕೆಯ ಪ್ರತಿಮೆ ನಿಂತದ್ದು 2016ರಲ್ಲಿ. ಅದಕ್ಕೂ ವಿರೋಧ ಬಂತು.

ಮೇರಿ ಸೀಕೋಲ್‌ಗೆ ಆದದ್ದೇ ನೂರು ವರ್ಷಗಳ ನಂತರ ಬಂದ ಹೆಣ್ಣುಮಕ್ಕಳಿಗೂ ಬೇರೆ ರೂಪದಲ್ಲಿ ಆಯಿತು. 1950ರ ದಶಕದಲ್ಲಿ ಬ್ರಿಟನ್ನಿನ ಆಸ್ಪತ್ರೆಗಳು ಕೆರಿಬಿಯನ್ ದ್ವೀಪಗಳಿಂದ ತರುಣಿಯರನ್ನು ಕರೆಸಿಕೊಂಡವು. ಆಗ ನರ್ಸ್ ತರಬೇತಿ ಎರಡು ಬಗೆಯದು. ಮೂರು ವರ್ಷದ ತರಬೇತಿ ಪಡೆದರೆ ಬಡ್ತಿಯುಂಟು, ಮರ್ಯಾದೆಯುಂಟು. ಎರಡು ವರ್ಷದ್ದು ಕೆಳದರ್ಜೆಯದು. ಬಂದ ಅನೇಕರನ್ನು ಸರಿಯಾಗಿ ವಿವರಿಸದೆ ಎರಡು ವರ್ಷದ ತರಬೇತಿಗೆ ಸೇರಿಸಿದರು. ಆ ಅರ್ಹತೆಗೆ ಅವರ ಸ್ವಂತ ದ್ವೀಪದಲ್ಲಿ ಬೆಲೆಯಿರಲಿಲ್ಲ. ಹಾಗಾಗಿ ಮರಳಿ ಹೋಗುವ ದಾರಿಯೂ ಇರಲಿಲ್ಲ. ಇಷ್ಟಾದರೂ ಅವರು ರಾತ್ರಿ ಪಾಳಿಗಳನ್ನು ಮಾಡಿದರು. ಕೆಲವರು ಮೇಲೇರಿದರು. 1964ರಲ್ಲಿ ಗಯಾನಾದ ಡ್ಯಾಫ್ನಿ ಸ್ಟೀಲ್ ಯಾರ್ಕ್‌ಷೈರಿನ ಒಂದು ಆಸ್ಪತ್ರೆಯಲ್ಲಿ ಮೇಟ್ರನ್, ಅಂದರೆ ನರ್ಸುಗಳ ಮುಖ್ಯಸ್ಥೆ, ಆದರು. ಎನ್.ಎಚ್.ಎಸ್.ನಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ಮಹಿಳೆ ಅವರು.

ನರ್ಸುಗಳ ಹಿಂದೆಯೇ ಬಂದವರು ನಮ್ಮ ಉಪಖಂಡದ ವೈದ್ಯರು. ಭಾರತದ ವೈದ್ಯಕೀಯ ಕಾಲೇಜುಗಳಲ್ಲಿ ಪಾಠ ಇಂಗ್ಲಿಷಿನಲ್ಲಿತ್ತು, ಪಠ್ಯಕ್ರಮ ಬ್ರಿಟನ್ನಿನದೇ. ಹಾಗಾಗಿ ಬಹುಕಾಲ ಇಲ್ಲಿನ ಪದವಿಗೆ ಅಲ್ಲಿ ನೇರ ಮಾನ್ಯತೆಯಿತ್ತು. ಆದರೆ ಹೃದಯ, ಶಸ್ತ್ರಚಿಕಿತ್ಸೆ ಮೊದಲಾದ ಪ್ರತಿಷ್ಠಿತ ವಿಭಾಗಗಳ ಬಾಗಿಲು ಇವರಿಗೆ ಸುಲಭಕ್ಕೆ ತೆರೆಯಲಿಲ್ಲ. ಯಾರಿಗೂ ಬೇಡವಾಗಿದ್ದ ಕೆಲಸಗಳು ಇವರ ಪಾಲಿಗೆ ಬಂದವು. ಮುದುಕರ ಆರೈಕೆ, ಮನೋರೋಗ ಚಿಕಿತ್ಸೆ, ಬಡ ಬಡಾವಣೆಗಳ ಕುಟುಂಬ ವೈದ್ಯರ ಕೆಲಸ. ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ, ಲ್ಯಾಂಕಾಷೈರಿನ ಗಿರಣಿ ಊರುಗಳಲ್ಲಿ ಧೂಳು ಕುಡಿದು ಕೆಮ್ಮುವ ಕಾರ್ಮಿಕರಿಗೆ ಔಷಧ ಬರೆದುಕೊಟ್ಟವರು ಇವರು. 1980ರ ದಶಕದ ಹೊತ್ತಿಗೆ ಬ್ರಿಟನ್ನಿನ ಆರು ಕುಟುಂಬ ವೈದ್ಯರಲ್ಲಿ ಒಬ್ಬರು ಭಾರತ ಉಪಖಂಡದಲ್ಲಿ ಹುಟ್ಟಿದವರಾಗಿದ್ದರು. ಹಿಂದೆ ಬಿದ್ದಿದ್ದ ಮುದುಕರ ಆರೈಕೆಯಂಥ ವಿಭಾಗ ಒಂದು ಗೌರವದ ಶಾಖೆಯಾಗಿ ಬೆಳೆದದ್ದರಲ್ಲೂ ಇವರ ಪಾಲು ದೊಡ್ಡದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಬಾರದು. ಈ ವೈದ್ಯರ ಶಿಕ್ಷಣಕ್ಕೆ ಹಣ ಸುರಿದವರು ಯಾರು? ಆಗ ತಾನೇ ಸ್ವಾತಂತ್ರ್ಯ ಪಡೆದ ಬಡ ದೇಶ. ನಮ್ಮ ಹಳ್ಳಿಗಳಲ್ಲಿ ವೈದ್ಯರಿಲ್ಲದ ಕಾಲದಲ್ಲಿ, ನಮ್ಮ ತೆರಿಗೆಯಿಂದ ಓದಿದವರು ಅಲ್ಲಿನ ಕಣಿವೆಗಳಿಗೆ ಹೋದರು. ಅವರನ್ನು ದೂರುವುದಲ್ಲ. ಆದರೆ ಬ್ರಿಟನ್ ಪಡೆದ ಈ ಉಪಕಾರಕ್ಕೆ ತೆತ್ತ ಬೆಲೆಯಲ್ಲಿ ನಮ್ಮದೂ ಒಂದು ಪಾಲಿದೆ.

ಇನ್ನು ರಾಜಕೀಯ. 1960ರಿಂದ 1963ರವರೆಗೆ ಬ್ರಿಟನ್ನಿನ ಆರೋಗ್ಯ ಸಚಿವರಾಗಿದ್ದವರು ಈನಾಕ್ ಪವೆಲ್. ಅವರ ಕಾಲದ ಆಸ್ಪತ್ರೆಗಳು ಹೊರಗಿನಿಂದ ಬಂದ ನರ್ಸುಗಳನ್ನೂ ವೈದ್ಯರನ್ನೂ ನೆಚ್ಚಿಕೊಂಡಿದ್ದವು. ಅದೇ ಪವೆಲ್ 1968ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವಲಸೆಯ ವಿರುದ್ಧ ಭಾಷಣ ಮಾಡಿದರು. ಈ ಜನ ಬಂದರೆ ದೇಶದಲ್ಲಿ ರಕ್ತಪಾತವಾದೀತು ಎಂಬ ಭೀತಿ ಹುಟ್ಟಿಸಿದರು. ಅವರ ಪಕ್ಷವೇ ಅವರನ್ನು ಮುಂಚೂಣಿಯ ಸ್ಥಾನದಿಂದ ಕೆಳಗಿಳಿಸಿತು. ಆದರೆ ಆ ಭಾಷಣವನ್ನು ಮೆಚ್ಚಿ ಬೀದಿಗಿಳಿದ ಕಾರ್ಮಿಕರೂ ಇದ್ದರು. 1968ನೇ ಇಸವಿಯನ್ನು ದಯವಿಟ್ಟು ನೆನಪಿಡಿ. ಮೈದಾನಕ್ಕೆ ಹೋದಾಗ ಅದು ಮತ್ತೆ ಬರುತ್ತದೆ.

ಮತ್ತೆ ಸೇಂಟ್ ಥಾಮಸ್. 2020ರ ಏಪ್ರಿಲ್. ಕೋವಿಡ್ ತಗುಲಿದ ಪ್ರಧಾನಿ ಬೋರಿಸ್ ಜಾನ್ಸನ್ ಇದೇ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದರು. ಗುಣಮುಖರಾಗಿ ಹೊರಬಂದು, ರಾತ್ರಿಯಿಡೀ ತಮ್ಮ ಹಾಸಿಗೆಯ ಬಳಿ ನಿಂತಿದ್ದ ಇಬ್ಬರು ನರ್ಸುಗಳಿಗೆ ಹೆಸರು ಹಿಡಿದು ಕೃತಜ್ಞತೆ ಹೇಳಿದರು. ಒಬ್ಬರು ನ್ಯೂಜಿಲೆಂಡಿನವರು. ಇನ್ನೊಬ್ಬರು ಪೋರ್ಚುಗಲ್‌ನವರು. ಅದೇ ವಾರಗಳಲ್ಲಿ ಕೋವಿಡ್‌ಗೆ ಬಲಿಯಾದ ಮೊದಲ ವೈದ್ಯರ ಹೆಸರುಗಳನ್ನು ನೋಡಿದರೆ ಸುಡಾನ್, ಪಾಕಿಸ್ತಾನ, ನೈಜೀರಿಯಾ ಮೂಲದವರೇ ಕಾಣುತ್ತಾರೆ. ಡಿಸೆಂಬರ್ 8ರಂದು ಕವೆಂಟ್ರಿ ನಗರದಲ್ಲಿ ಜನಸಾಮಾನ್ಯರಿಗೆ ಕೋವಿಡ್ ಲಸಿಕೆ ಆರಂಭವಾದಾಗ, 90 ವರ್ಷದ ಅಜ್ಜಿಗೆ ಸೂಜಿ ಚುಚ್ಚಿದ ನರ್ಸ್ ಮೇ ಪಾರ್ಸನ್ಸ್ ಫಿಲಿಪೈನ್ಸ್‌ನಿಂದ ಬಂದವರು. ಆ ಲಸಿಕೆಯನ್ನು ರೂಪಿಸಿದ ದಂಪತಿ ಜರ್ಮನಿಗೆ ವಲಸೆ ಬಂದ ತುರ್ಕಿ ಕುಟುಂಬಗಳ ಮಕ್ಕಳು.

ಇಂದು ಇಂಗ್ಲೆಂಡಿನ ಎನ್.ಎಚ್.ಎಸ್. ಸಿಬ್ಬಂದಿಯಲ್ಲಿ ಸುಮಾರು ಐವರಲ್ಲಿ ಒಬ್ಬರು ಬೇರೆ ದೇಶದ ಪೌರರು. ಅವರಲ್ಲಿ ಅತಿ ಹೆಚ್ಚಿನವರು ಭಾರತೀಯರು.

ಹೀಗೆ ದುಡಿದವರಿಗೆ ದೇಶ ಏನು ಕೊಟ್ಟಿತು? 2018ರಲ್ಲಿ ಒಂದು ಹಗರಣ ಹೊರಬಿತ್ತು. ಐವತ್ತು ಅರುವತ್ತು ವರ್ಷ ಅಲ್ಲೇ ಬಾಳಿದ ಕೆರಿಬಿಯನ್ ಮೂಲದ ವೃದ್ಧರಿಗೆ ಸರ್ಕಾರ ಕಾಗದಪತ್ರ ಕೇಳಿತ್ತು. ಮಕ್ಕಳಾಗಿದ್ದಾಗ ತಂದೆತಾಯಿಯ ಜೊತೆ ಬಂದವರ ಬಳಿ ಯಾವ ಕಾಗದ ಇರುತ್ತದೆ? ಅವರು ಬಂದಿಳಿದ ದಾಖಲೆಯ ಚೀಟಿಗಳನ್ನು ಸರ್ಕಾರಿ ಇಲಾಖೆಯೇ 2010ರಲ್ಲಿ ನಾಶ ಮಾಡಿತ್ತು. ಕೆಲವರು ಕೆಲಸ ಕಳೆದುಕೊಂಡರು. ಕೆಲವರು ಮನೆ ಕಳೆದುಕೊಂಡರು. ಎಂಬತ್ತಕ್ಕೂ ಹೆಚ್ಚು ಜನರನ್ನು ತಪ್ಪಾಗಿ ಗಡೀಪಾರು ಮಾಡಲಾಗಿತ್ತು. ಆಸ್ಪತ್ರೆಯಲ್ಲಿ ಚಿಕಿತ್ಸೆ ನಿರಾಕರಿಸಲ್ಪಟ್ಟವರೂ ಇದ್ದರು. ಅವರ ಪೀಳಿಗೆಯ ಹೆಂಗಸರು ಬೆಡ್‌ಪ್ಯಾನ್ ತೊಳೆದು ಕಟ್ಟಿದ ಆಸ್ಪತ್ರೆಗಳು ಅವು. ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಪರಿಹಾರ ಯೋಜನೆ ಬಂತು. ಪರಿಹಾರದ ಹಣ ಕೈಸೇರುವ ಮೊದಲೇ ಕಣ್ಣು ಮುಚ್ಚಿದವರೂ ಇದ್ದಾರೆ. ಇದನ್ನು ಕ್ಷಮಿಸುವುದು ಕಷ್ಟ.

ಕೇಳುಗರೇ, ಇಲ್ಲಿಯವರೆಗೆ ಆಸ್ಪತ್ರೆಯ ಮಾತಾಯಿತು. ಬೇಕಾದಾಗ ಕರೆದದ್ದು, ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದ್ದು, ಆಮೇಲೆ ಗುರುತಿನ ಚೀಟಿ ಕೇಳಿದ್ದು. ಈಗ ಬ್ರಿಕ್ಸ್ಟನ್ ಪೇಟೆಯತ್ತ ಹೊರಡೋಣ. ಅಲ್ಲಿ ಬಂದವರು ಯಾರ ಕರೆಗೂ ಕಾಯದೆ ತಮ್ಮ ಬದುಕು ಕಟ್ಟಿಕೊಂಡರು.

ಮೊದಲ ತೊಂದರೆ ಮನೆಯದು. ಕಪ್ಪು ಬಣ್ಣದವರಿಗೆ ಬಾಡಿಗೆಗೆ ಕೊಡುವುದಿಲ್ಲ ಎಂದು ಬಾಗಿಲ ಮೇಲೆ ಫಲಕ ಹಾಕುವ ಕಾಲ. ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಆಗ ಅವರು ದ್ವೀಪಗಳಿಂದ ತಂದ ಒಂದು ಪದ್ಧತಿ ಕೈ ಹಿಡಿಯಿತು. ಹತ್ತಿಪ್ಪತ್ತು ಜನ ಸೇರಿ ವಾರಕ್ಕಿಷ್ಟು ಎಂದು ಹಣ ಹಾಕುವುದು, ಸರದಿಯ ಮೇಲೆ ಒಬ್ಬೊಬ್ಬರು ಪೂರ್ತಿ ಮೊತ್ತ ಎತ್ತುವುದು. ಹೌದು, ನಮ್ಮ ಓಣಿಗಳ ಚೀಟಿ ವ್ಯವಹಾರವೇ. ಅವರು ಅದನ್ನು ಪಾರ್ಡ್ನರ್ ಎನ್ನುತ್ತಾರೆ. ಆ ಹಣದಿಂದ ಮನೆಗಳನ್ನು ಕೊಂಡರು. ಮನೆಯ ಬೆನ್ನಿಗೆ ಅಂಗಡಿ ಬಂತು, ಚರ್ಚು ಬಂತು, ಹಾಡಿನ ತಟ್ಟೆ ಮಾರುವ ಮಳಿಗೆ ಬಂತು.

ಅಂಥದೊಂದು ಮಳಿಗೆಯ ಮಹಡಿಯ ಮೇಲೆ, ಬ್ರಿಕ್ಸ್ಟನ್ ರಸ್ತೆಯಲ್ಲಿ, ಕ್ಲಾಡಿಯಾ ಜೋನ್ಸ್ 1958ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿದರು. ಹೆಸರು ವೆಸ್ಟ್ ಇಂಡಿಯನ್ ಗೆಜೆಟ್. ಟ್ರಿನಿಡಾಡ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ರಾಜಕೀಯ ನಿಲುವಿಗಾಗಿ ಅಲ್ಲಿಂದ ಗಡೀಪಾರಾದ ಹೆಣ್ಣುಮಗಳು ಆಕೆ. ಅದೇ ವರ್ಷ ಲಂಡನ್ನಿನ ನಾಟಿಂಗ್ ಹಿಲ್ ಬಡಾವಣೆಯಲ್ಲಿ ಬಿಳಿಯ ಯುವಕರ ಗುಂಪುಗಳು ಕಪ್ಪು ಜನರ ಮೇಲೆ ದಾಳಿ ಮಾಡಿದವು. ಕ್ಲಾಡಿಯಾ ಜೋನ್ಸ್ ಕೊಟ್ಟ ಉತ್ತರ ಒಂದು ಹಬ್ಬ. 1959ರ ಜನವರಿಯ ಚಳಿಯಲ್ಲಿ ಸಭಾಂಗಣವೊಂದರೊಳಗೆ ಟ್ರಿನಿಡಾಡ್ ಮಾದರಿಯ ಕಾರ್ನಿವಲ್ ನಡೆಸಿದರು. ಬಿಬಿಸಿ ಅದನ್ನು ಟಿವಿಯಲ್ಲಿ ತೋರಿಸಿತು. 1960ರ ದಶಕದಲ್ಲಿ ಬೀದಿಗಿಳಿದ ನಾಟಿಂಗ್ ಹಿಲ್ ಕಾರ್ನಿವಲ್‌ಗೆ ಬೀಜ ಬಿದ್ದದ್ದು ಅಲ್ಲಿ. ಈಗ ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಸೇರುವವರ ಸಂಖ್ಯೆ ಹತ್ತು ಲಕ್ಷ ದಾಟುತ್ತದೆ. ಉಕ್ಕಿನ ಡ್ರಮ್ಮುಗಳ ನಾದ, ಬೀದಿ ತುಂಬ ಸುಟ್ಟ ಕೋಳಿಯ ಘಮ, ಗರಿಗಳ ವೇಷ ತೊಟ್ಟು ಕುಣಿಯುವ ಮಕ್ಕಳು. ಲಂಡನ್ ಎಂದರೆ ಇದೂ ಒಂದು ಎಂದು ಇವತ್ತು ಎಲ್ಲರೂ ಒಪ್ಪುತ್ತಾರೆ.

ಬ್ರಿಕ್ಸ್ಟನ್ನಿನ ದಾರಿ ಹಬ್ಬದ್ದಷ್ಟೇ ಅಲ್ಲ. 1981ರ ಏಪ್ರಿಲ್‌ನಲ್ಲಿ ಪೊಲೀಸರು ಕೆಲವೇ ದಿನಗಳಲ್ಲಿ ಸುಮಾರು ಸಾವಿರ ಜನರನ್ನು ಬೀದಿಯಲ್ಲಿ ತಡೆದು ತಪಾಸಣೆ ಮಾಡಿದರು. ಹೆಚ್ಚಿನವರು ಕಪ್ಪು ಯುವಕರು. ಪೇಟೆ ಹೊತ್ತಿ ಉರಿಯಿತು. ಸರ್ಕಾರ ನ್ಯಾಯಾಧೀಶ ಲಾರ್ಡ್ ಸ್ಕಾರ್ಮನ್ ಅವರಿಂದ ತನಿಖೆ ಮಾಡಿಸಿತು. ನಿರುದ್ಯೋಗ ಮತ್ತು ಪೊಲೀಸರ ಮೇಲಿನ ಅಪನಂಬಿಕೆಯನ್ನು ಆ ವರದಿ ಬೊಟ್ಟು ಮಾಡಿತು.

ಆ ವರ್ಷಗಳಲ್ಲಿ ಬ್ರಿಕ್ಸ್ಟನ್ನಿನ ರೈಲ್ಟನ್ ರಸ್ತೆಯ ಒಂದು ಕೋಣೆಯಲ್ಲಿ ಪುಸ್ತಕಗಳ ನಡುವೆ ಒಬ್ಬ ಮುದುಕರು ವಾಸವಾಗಿದ್ದರು. ಸಿ.ಎಲ್.ಆರ್. ಜೇಮ್ಸ್. ಟ್ರಿನಿಡಾಡ್‌ನ ಇತಿಹಾಸಕಾರ. 1963ರಲ್ಲಿ ಅವರು ಬರೆದ ‘ಬಿಯಾಂಡ್ ಎ ಬೌಂಡರಿ’ ಕ್ರಿಕೆಟ್ ಬಗ್ಗೆ ಬಂದ ಪುಸ್ತಕಗಳಲ್ಲೇ ಶ್ರೇಷ್ಠ ಎಂದು ಹಲವರ ಮತ. ಮೈದಾನದಲ್ಲಿ ನಡೆಯುವುದನ್ನು ಮೈದಾನದ ಹೊರಗಿನ ಬದುಕಿನಿಂದ ಬೇರ್ಪಡಿಸಲಾಗದು ಎಂದು ಅವರು ತೋರಿಸಿಕೊಟ್ಟರು. ಅವರ ಮನೆಯಿಂದ ಓವಲ್ ಮೈದಾನ ದೂರವಿಲ್ಲ. ಆಸ್ಪತ್ರೆಯನ್ನು ನೋಡಿದೆವು, ಪೇಟೆಯನ್ನು ನೋಡಿದೆವು. ಉಳಿದದ್ದು ಮೈದಾನ.

ಓವಲ್ ಕನ್ನಡಿಗರಿಗೆ ಆಪ್ತವಾದ ಹೆಸರು. 1971ರ ಆಗಸ್ಟ್ 24. ಗಣೇಶ ಚತುರ್ಥಿಯ ದಿನ. ಮೃಗಾಲಯದಿಂದ ಆನೆಯೊಂದನ್ನು ಮೈದಾನಕ್ಕೆ ಕರೆತಂದಿದ್ದರು. ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟ್ ಗೆದ್ದದ್ದು ಅಂದು. ಹಿಂದಿನ ದಿನ ಮೈಸೂರಿನ ಬಿ.ಎಸ್. ಚಂದ್ರಶೇಖರ್, ಪೋಲಿಯೊ ಬಾಧಿಸಿದ್ದ ಅದೇ ಬಲಗೈಯಿಂದ, 38 ರನ್ನಿಗೆ ಆರು ವಿಕೆಟ್ ಕಿತ್ತಿದ್ದರು. ಇಂಗ್ಲೆಂಡ್ 101ಕ್ಕೆ ಕುಸಿದಿತ್ತು. ಗೆಲುವಿನ ಬೆನ್ನಟ್ಟುವಾಗ ಗುಂಡಪ್ಪ ವಿಶ್ವನಾಥ್ ತಾಳ್ಮೆಯಿಂದ ಆಡಿದರು. ಲಂಡನ್ನಿನಲ್ಲಿ ನೆಲೆಸಿದ್ದ ಭಾರತೀಯರು ಕುಣಿದು ಕುಪ್ಪಳಿಸಿದರು.

ಐದು ವರ್ಷದ ಮೇಲೆ, 1976ರಲ್ಲಿ, ಅದೇ ಮೈದಾನದಲ್ಲಿ ವೆಸ್ಟ್ ಇಂಡೀಸ್. ಇಂಗ್ಲೆಂಡ್ ನಾಯಕ ಟೋನಿ ಗ್ರೆಗ್, ಎದುರಾಳಿಗಳನ್ನು ನೆಲಕ್ಕೆ ತೆವಳಿಸುತ್ತೇವೆ ಎಂಬರ್ಥದ ಮಾತಾಡಿದ್ದರು. ಗ್ರೆಗ್ ಹುಟ್ಟಿ ಬೆಳೆದದ್ದು ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ. ಅವರೂ ವಲಸೆ ಬಂದವರೇ. ಆದರೆ ಅವರಿಗೆ ಯಾರೂ ಗುರುತಿನ ಪ್ರಶ್ನೆ ಕೇಳಿರಲಿಲ್ಲ. ಓವಲ್‌ನ ಕಟ್ಟೆಗಳು ಸುತ್ತಲ ಕೆರಿಬಿಯನ್ ಕುಟುಂಬಗಳಿಂದ ತುಂಬಿಹೋದವು. ಡ್ರಮ್ಮು, ಡಬ್ಬ, ಶಂಖ ಎಲ್ಲವೂ ಮೊಳಗಿದವು. ಮೈಕಲ್ ಹೋಲ್ಡಿಂಗ್ ಹದಿನಾಲ್ಕು ವಿಕೆಟ್ ಪಡೆದರು. ಕೊನೆಗೆ ಗ್ರೆಗ್ ತಾವೇ ಪ್ರೇಕ್ಷಕರೆದುರು ಮಂಡಿಯೂರಿ ಕೆಲ ಹೆಜ್ಜೆ ತೆವಳಿ ತಪ್ಪೊಪ್ಪಿಕೊಂಡರು. ಜನ ನಕ್ಕು ಕ್ಷಮಿಸಿದರು.

ಈಗ 1968ಕ್ಕೆ ಬನ್ನಿ. ಪವೆಲ್ ಭಾಷಣ ಮಾಡಿ ನಾಲ್ಕು ತಿಂಗಳಾಗಿತ್ತು. ಅದೇ ಓವಲ್‌ನಲ್ಲಿ ಬೇಸಿಲ್ ಡಿ'ಒಲಿವೆರಾ ಎಂಬ ಆಟಗಾರ ಆಸ್ಟ್ರೇಲಿಯಾ ವಿರುದ್ಧ ಇಂಗ್ಲೆಂಡಿಗೆ 158 ರನ್ ಹೊಡೆದರು. ಡಿ'ಒಲಿವೆರಾ ಕೇಪ್‌ಟೌನಿನವರು. ಬಿಳಿಯರಲ್ಲ ಎಂಬ ಒಂದೇ ಕಾರಣಕ್ಕೆ ತಮ್ಮ ದೇಶದ ತಂಡದಲ್ಲಿ ಅವರಿಗೆ ಜಾಗವಿರಲಿಲ್ಲ. ಅವರು ಇಂಗ್ಲೆಂಡಿಗೆ ಬಂದ ಬಗೆ ಬಾನುಲಿಯ ಕೇಳುಗರಿಗೆ ವಿಶೇಷವೆನಿಸೀತು. ರೇಡಿಯೊದಲ್ಲಿ ಕ್ರಿಕೆಟ್ ವಿವರಣೆ ಕೊಡುತ್ತಿದ್ದ ಜಾನ್ ಆರ್ಲಟ್ ಅವರ ದನಿ ಕೇಪ್‌ಟೌನಿಗೂ ತಲುಪುತ್ತಿತ್ತು. ಆ ದನಿಯಲ್ಲಿದ್ದ ಸಜ್ಜನಿಕೆಯನ್ನು ನಂಬಿ, ಮುಖ ನೋಡದ ಆರ್ಲಟ್‌ಗೆ ಡಿ'ಒಲಿವೆರಾ ಪತ್ರ ಬರೆದರು. ನನಗೊಂದು ಆಟದ ಕೆಲಸ ಕೊಡಿಸುತ್ತೀರಾ ಎಂದು ಕೇಳಿದರು. ಆರ್ಲಟ್ ಪ್ರಯತ್ನ ಬಿಡಲಿಲ್ಲ. 1960ರಲ್ಲಿ ಲ್ಯಾಂಕಾಷೈರಿನ ಒಂದು ಕ್ಲಬ್ಬಿನಲ್ಲಿ ಜಾಗ ಸಿಕ್ಕಿತು. ಆರು ವರ್ಷಕ್ಕೆ ಇಂಗ್ಲೆಂಡ್ ತಂಡ.

158 ಹೊಡೆದ ಮೇಲೂ ದಕ್ಷಿಣ ಆಫ್ರಿಕಾ ಪ್ರವಾಸದ ತಂಡದಿಂದ ಅವರನ್ನು ಬಿಟ್ಟರು. ಬ್ರಿಟನ್ ತುಂಬ ಕೂಗೆದ್ದಿತು. ಬೇರೊಬ್ಬ ಆಟಗಾರ ಗಾಯಗೊಂಡಾಗ ಅವರನ್ನು ಸೇರಿಸಿಕೊಂಡರು. ದಕ್ಷಿಣ ಆಫ್ರಿಕಾದ ಪ್ರಧಾನಿ ವಾರ್ಸ್ಟರ್ ಆ ತಂಡವನ್ನು ಒಪ್ಪಲಿಲ್ಲ. ಪ್ರವಾಸ ರದ್ದಾಯಿತು. ಎರಡು ವರ್ಷದಲ್ಲಿ ದಕ್ಷಿಣ ಆಫ್ರಿಕಾ ಟೆಸ್ಟ್ ಕ್ರಿಕೆಟ್‌ನಿಂದ ಹೊರಬಿತ್ತು. ಎರಡು ದಶಕಕ್ಕೂ ಹೆಚ್ಚು ಕಾಲ ಹೊರಗೇ ಉಳಿಯಿತು. ಒಬ್ಬ ವಲಸಿಗನ ಒಂದು ಇನಿಂಗ್ಸ್ ಇಷ್ಟು ದೂರ ಹೋಯಿತು.

ಆದರೂ ಪ್ರಶ್ನೆ ನಿಲ್ಲಲಿಲ್ಲ. 1990ರಲ್ಲಿ ರಾಜಕಾರಣಿ ನಾರ್ಮನ್ ಟೆಬಿಟ್ ಒಂದು ಪರೀಕ್ಷೆ ಮುಂದಿಟ್ಟರು. ಏಷ್ಯಾದಿಂದ ಬಂದವರು ಕ್ರಿಕೆಟ್‌ನಲ್ಲಿ ಯಾವ ತಂಡದ ಪರ ಕೂಗುತ್ತಾರೆ, ಅದರಿಂದ ಅವರ ನಿಷ್ಠೆ ತಿಳಿಯುತ್ತದೆ ಎಂದರು. ಈ ಅಳತೆಗೋಲೇ ಸೊಟ್ಟಗಿದೆ. ಚಂದ್ರಶೇಖರ್ ವಿಕೆಟ್ ಪಡೆದಾಗ ಕುಣಿದ ವೈದ್ಯ ಮರುದಿನ ಬೆಳಿಗ್ಗೆ ಇಂಗ್ಲಿಷ್ ರೋಗಿಯ ನಾಡಿ ಹಿಡಿಯುವಾಗ ನಿಷ್ಠೆ ಕಡಿಮೆಯಾಗಿರುತ್ತದೆಯೇ? ಟೆಬಿಟ್ ಮಾತಾಡಿದ ಒಂಬತ್ತು ವರ್ಷಕ್ಕೆ, ಮದ್ರಾಸಿನಲ್ಲಿ ಹುಟ್ಟಿದ ನಾಸಿರ್ ಹುಸೇನ್ ಇಂಗ್ಲೆಂಡಿನ ನಾಯಕರಾದರು. 2019ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮೊದಲ ಬಾರಿಗೆ ಪುರುಷರ ಏಕದಿನ ವಿಶ್ವಕಪ್ ಗೆದ್ದಾಗ ನಾಯಕ ಈಯಾನ್ ಮಾರ್ಗನ್ ಡಬ್ಲಿನ್‌ನವರು. ಪಂದ್ಯಶ್ರೇಷ್ಠ ಬೆನ್ ಸ್ಟೋಕ್ಸ್ ಹುಟ್ಟಿದ್ದು ಎದುರಾಳಿ ದೇಶವಾದ ನ್ಯೂಜಿಲೆಂಡಿನಲ್ಲಿ. ಸೂಪರ್ ಓವರ್ ಎಸೆದ ಜೋಫ್ರಾ ಆರ್ಚರ್ ಬಾರ್ಬಡೋಸ್‌ನವರು.

ಫುಟ್‌ಬಾಲ್‌ನಲ್ಲೂ ಹೀಗೇ. 1978ರಲ್ಲಿ ಜಮೈಕಾ ಮೂಲದ ವಿವ್ ಆಂಡರ್ಸನ್ ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರರಾದರು. 2021ರ ಯೂರೋಪ್ ಕಪ್ ಫೈನಲ್‌ನಲ್ಲಿ ಇಟಲಿಯೆದುರು ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಮೂವರಲ್ಲಿ ಜೇಡನ್ ಸ್ಯಾಂಚೊ ಒಬ್ಬರು. ಓವಲ್ ಇರುವ ಕೆನಿಂಗ್ಟನ್‌ನಲ್ಲೇ ಬೆಳೆದ ಹುಡುಗ, ಟ್ರಿನಿಡಾಡ್ ಮೂಲದ ಮನೆತನ. ಅಂದು ರಾತ್ರಿಯೇ ಸ್ಯಾಂಚೊ, ರ‍್ಯಾಶ್‌ಫರ್ಡ್, ಸಾಕಾ ಮೂವರ ಮೇಲೂ ಬಣ್ಣ ಹಿಡಿದು ಬೈಗುಳದ ಮಳೆ ಸುರಿಯಿತು. ಮ್ಯಾಂಚೆಸ್ಟರಿನಲ್ಲಿ ರ‍್ಯಾಶ್‌ಫರ್ಡ್ ಚಿತ್ರವಿದ್ದ ಗೋಡೆಗೆ ಮಸಿ ಬಳಿದರು. ಮರುದಿನ ಊರಿನ ಜನ ಬಂದು ಆ ಗೋಡೆಯ ಮಸಿ ಕಾಣದಂತೆ ಪ್ರೀತಿಯ ಪತ್ರಗಳನ್ನು ಅಂಟಿಸಿದರು.

ಕೊನೆಯದಾಗಿ ಒಂದು ಕಹಿ ಸಂಗತಿ. 1976ರಲ್ಲಿ ಓವಲ್ ತುಂಬಿದ್ದ ಕೆರಿಬಿಯನ್ ಕುಟುಂಬಗಳ ಮೊಮ್ಮಕ್ಕಳು ಇಂದು ಕ್ರಿಕೆಟ್‌ನಲ್ಲಿ ವಿರಳ. ಸರ್ಕಾರಿ ಶಾಲೆಗಳ ಆಟದ ಬಯಲುಗಳು ಮಾರಾಟವಾದವು. ಕ್ರಿಕೆಟ್ ಸಾಮಗ್ರಿ ದುಬಾರಿಯಾಯಿತು. ಮೈದಾನಗಳಲ್ಲಿ ಡ್ರಮ್ಮು ನಿಷೇಧವಾಯಿತು, ಟಿಕೆಟ್ ಬೆಲೆ ಏರಿತು. ಕಪ್ಪು ವೃತ್ತಿಪರ ಆಟಗಾರರ ಸಂಖ್ಯೆ ನಾಲ್ಕರಲ್ಲಿ ಮೂರು ಪಾಲು ಕುಸಿದು ಒಂದು ಪಾಲಿಗೆ ಇಳಿಯಿತು. ಇಂಗ್ಲೆಂಡ್ ಕ್ರಿಕೆಟ್‌ನಲ್ಲಿ ವರ್ಣಭೇದವೂ ವರ್ಗಭೇದವೂ ಬೇರು ಬಿಟ್ಟಿವೆ ಎಂದು 2023ರಲ್ಲಿ ಸ್ವತಂತ್ರ ಆಯೋಗವೊಂದು ವರದಿ ಕೊಟ್ಟಿತು. ಕ್ರಿಕೆಟ್ ಮಂಡಳಿ ಕ್ಷಮೆ ಕೇಳಿತು.

ಅದಕ್ಕೂ ಮೊದಲೇ ಕೆಲಸ ಶುರುಮಾಡಿದವರು ಲ್ಯಾಂಬೆತ್‌ನ ಮಗಳು ಎಬೊನಿ ರೇನ್‌ಫರ್ಡ್-ಬ್ರೆಂಟ್. 2001ರಲ್ಲಿ ಇಂಗ್ಲೆಂಡ್ ಮಹಿಳಾ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರ್ತಿ. 2009ರ ವಿಶ್ವಕಪ್ ಗೆದ್ದ ತಂಡದವರು. 2020ರಲ್ಲಿ ಓವಲ್ ಮೈದಾನದ ಸರ್ರೆ ಕ್ಲಬ್ಬಿನ ಜೊತೆ ಸೇರಿ ಅವರು ಏಸ್ ಎಂಬ ಕಾರ್ಯಕ್ರಮ ಆರಂಭಿಸಿದರು. ದಕ್ಷಿಣ ಲಂಡನ್ನಿನ ಸರ್ಕಾರಿ ಶಾಲೆಗಳಿಗೆ ಹೋಗಿ ಆಫ್ರಿಕಾ ಮತ್ತು ಕೆರಿಬಿಯನ್ ಮೂಲದ ಮಕ್ಕಳ ಕೈಗೆ ಬ್ಯಾಟು ಚೆಂಡು ಕೊಡುವುದು, ಚುರುಕಾದವರನ್ನು ಆರಿಸಿ ಖರ್ಚಿಲ್ಲದೆ ತರಬೇತಿ ಕೊಡಿಸುವುದು ಅದರ ಕೆಲಸ. ಅದೇ ವರ್ಷ ಅದು ಸ್ವತಂತ್ರ ಸಂಸ್ಥೆಯಾಯಿತು. ಆಮೇಲೆ ಬರ್ಮಿಂಗ್‌ಹ್ಯಾಮ್, ಬ್ರಿಸ್ಟಲ್ ನಗರಗಳಿಗೂ ಹಬ್ಬಿತು. ಆ ಮಕ್ಕಳಲ್ಲಿ ಹಲವರ ಅಜ್ಜಿಯರು ನರ್ಸುಗಳಾಗಿ ಬಂದವರು. ಮಕ್ಕಳಿಗೆ ಈಗ ಬೇಕಾಗಿರುವುದು ಶಾಲೆಯ ಬಳಿ ಒಂದು ಬಯಲು, ಒಬ್ಬ ಒಳ್ಳೆಯ ತರಬೇತುದಾರ, ಮತ್ತು ಮೈದಾನಕ್ಕೆ ಹೋಗಿಬರಲು ಬಸ್ಸಿನ ಖರ್ಚು.